ಉತ್ತಮ ಪುರುಷನ ಹಲವು ಹೆಸರುಗಳು

ಸಂಸ್ಕೃತ ವ್ಯಾಕರಣವು ‘ನಾನು’ ಎಂದು ಮಾತನಾಡುವವನನ್ನು ಉತ್ತಮ ಪುರುಷನೆಂದು ಕರೆದಿದೆ. ಅವನು ಪ್ರಥಮ, ನೀನು ಮಧ್ಯಮ, ನಾನು ಉತ್ತಮ. ಶಾಲೆಯ ಮಕ್ಕಳಿಗೆ ಈ ಪಾಠ ಬಂದಾಗ ಒಳಗೊಳಗೇ ಹಿಗ್ಗು. ಆದರೆ ಇಲ್ಲಿ ‘ಉತ್ತಮ’ ಎಂದರೆ ಶ್ರೇಷ್ಠನೆಂದಲ್ಲ, ಸಾಲಿನ ಕಟ್ಟಕಡೆಯವನು ಎಂದರ್ಥ. ಈ ಕ್ರಮವನ್ನು ಜಪಾನೀಯರು ಕೇಳಿದರೆ ಮೆಚ್ಚಿ ತಲೆದೂಗಿಯಾರು. ಅವರ ಭಾಷೆಯಲ್ಲಿ ತನ್ನನ್ನು ಸೂಚಿಸಿಕೊಳ್ಳುವ ಪದಗಳ ದೊಡ್ಡದೊಂದು ಸಾಲೇ ಇದೆ. ಅವುಗಳಲ್ಲಿ ಹಲವು ಹುಟ್ಟಿದ್ದು ತನ್ನನ್ನು ಹಿಂದಕ್ಕೆ, ಕೆಳಕ್ಕೆ ಸರಿಸಿಕೊಳ್ಳುವ ವಿನಯದಿಂದ. ಸಮುರಾಯ್‌ಗಳು ಹೇಳುತ್ತಿದ್ದ ‘ಸೆಶ್ಶ’ ಎಂಬುದಕ್ಕೆ ‘ಕುಶಲತೆಯಿಲ್ಲದವನು’ ಎಂಬ ಅರ್ಥ. ಹಳೆಯ ಮರ್ಯಾದೆಯ ಗಂಡಸರು ಪತ್ರಗಳಲ್ಲಿ ಬರೆಯುವ ‘ಶೋಸೆಯ್’ ಎಂಬುದರಲ್ಲಿ ‘ಅಲ್ಪ’ ಎಂಬ ಅಕ್ಷರವಿದೆ. ಇಂದು ಪುಟ್ಟ ಹುಡುಗರ ಬಾಯಲ್ಲಿ ಮುದ್ದಾಗಿ ಕೇಳಿಸುವ ‘ಬೊಕು’ ಎಂಬುದನ್ನು ‘ಸೇವಕ’ ಎಂಬ ಅರ್ಥದ ಅಕ್ಷರದಿಂದ ಬರೆಯುತ್ತಾರೆ.

ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ದಿನ ಕಳೆಯುವ ನಾವು ಮೂರು ವರ್ಷಗಳಿಂದ ಶನಿವಾರದ ತರಗತಿಗೆ ಹೋಗಿ ಜಪಾನೀ ಕಲಿಯುತ್ತಿದ್ದೇವೆ. ನಲವತ್ತು ದಾಟಿದ ಮೇಲೆ ಹೊಸ ಲಿಪಿ ತಿದ್ದುವ ಹುಚ್ಚೇಕೆ ಎಂದು ಮನೆಯಲ್ಲಿ ಕೇಳಿದರು. ಇಂಗ್ಲಿಷ್ ಎಂ.ಎ. ಓದುತ್ತಿದ್ದ ದಿನಗಳಲ್ಲಿ ನಾತ್ಸುಮೆ ಸೋಸೆಕಿಯ ಕಾದಂಬರಿಗಳ ಅನುವಾದ ಕೈಗೆ ಸಿಕ್ಕಿತ್ತು. ಅದನ್ನು ಎಂದಾದರೊಂದು ದಿನ ಮೂಲದಲ್ಲಿ ಓದಬೇಕೆಂಬ ಆಸೆ ಉಳಿದುಹೋಗಿತ್ತು. ಕಾರಣ ಅಷ್ಟೇ.

ಮೊದಲ ಪಾಠದಲ್ಲಿ ಎಲ್ಲರಿಗೂ ‘ವತಶಿ’ ಎಂಬ ಪದವನ್ನು ಕಲಿಸುತ್ತಾರೆ. ಕನ್ನಡದ ‘ನಾನು’ ಹೇಗೋ ಹಾಗೆ. ಕೆಲವು ವಾರಗಳ ಮೇಲೆ, ಅದನ್ನು ಆದಷ್ಟು ಬಿಟ್ಟು ಮಾತನಾಡಿ ಎನ್ನುತ್ತಾರೆ. ಇದು ಕನ್ನಡಿಗರಿಗೆ ಕಷ್ಟವಲ್ಲ. ನಾವೂ ‘ಬಂದೆ’, ‘ತಿಂದೆ’ ಎನ್ನುತ್ತೇವೆ. ‘ನಾನು’ ಕ್ರಿಯಾಪದದ ಬಾಲದಲ್ಲಿ ಅಡಗಿ ಕುಳಿತಿರುತ್ತದೆ. ಜಪಾನಿಯಲ್ಲಿ ಆ ಬಾಲವೂ ಇಲ್ಲ. ‘ಕಿಮಶಿತ’ ಎಂದರೆ ಬಂದೆ, ಬಂದೆವು, ಬಂದೆಯಾ, ಬಂದನು, ಬಂದರು, ಎಲ್ಲವೂ ಹೌದು. ಯಾರು ಬಂದದ್ದೆಂಬುದನ್ನು ಸಂದರ್ಭವೇ ತಿಳಿಸಬೇಕು, ಇಲ್ಲವೇ ಕ್ರಿಯಾಪದದ ವಿನಯ ಗೌರವಗಳು ತಿಳಿಸಬೇಕು. ತನ್ನ ಬರವಿಗೆ ಒಂದು ತಗ್ಗಿದ ಪದ, ಹಿರಿಯರ ಬರವಿಗೆ ಒಂದು ಏರಿದ ಪದ. ಹೀಗೆ ‘ನಾನು’ ಎಂಬುದನ್ನು ಹೇಳದೆಯೇ ದಿನಗಟ್ಟಲೆ ಬದುಕಬಹುದಾದ ಭಾಷೆಯಲ್ಲಿ ಒಬ್ಬಾತ ಅದನ್ನು ಬಾಯಿಬಿಟ್ಟು ಹೇಳಿದನೆಂದರೆ, ಆರಿಸಿಯೇ ಹೇಳಿದನೆಂದು ಅರ್ಥ. ಕೇಳುವವರು ಆ ಆಯ್ಕೆಯನ್ನು ಗಮನಿಸಿಯೇ ಗಮನಿಸುತ್ತಾರೆ.

ಆಯ್ಕೆಯ ಬುಟ್ಟಿಯಲ್ಲಿ ಏನೇನಿದೆ? ‘ವತಶಿ’ ಹೆಂಗಸರಿಗೆ ಹೆಚ್ಚುಕಡಿಮೆ ಎಲ್ಲೆಡೆ ಸಲ್ಲುತ್ತದೆ. ಗಂಡಸರಿಗೆ ಕಚೇರಿಯಲ್ಲಿ, ಸಭೆಯಲ್ಲಿ. ಅದರ ಇನ್ನೂ ಗಂಭೀರ ರೂಪ ‘ವತಕುಶಿ’. ‘ಬೊಕು’ ಹುಡುಗರದು, ಮೃದು ಮಾತಿನ ಗಂಡಸರದು. ‘ಒರೆ’ ಗೆಳೆಯರ ನಡುವೆ, ಮನೆಯೊಳಗೆ ಗಂಡಸರು ಬಳಸುವ ಒರಟು ಸಲಿಗೆಯ ಪದ. ಕನ್ನಡದ ಕಿವಿಗೆ ಇದು ಒರೆಗಲ್ಲಿನಂತೆ ಕೇಳಿಸುವುದು ಆಕಸ್ಮಿಕವಾದರೂ ಸೊಗಸು. ಎದುರಿನವನೊಡನೆ ಸಲಿಗೆ ಎಷ್ಟಿದೆಯೆಂದು ತಿಕ್ಕಿ ನೋಡುವ ಪದವೇ ಅದು. ‘ಅತಶಿ’ ಹೆಂಗಸರ ಸಲಿಗೆಯ ಮಾತು. ‘ಉಚಿ’ ಎಂದರೆ ಒಳಗು, ಮನೆ. ಒಸಾಕಾ, ಕ್ಯೋತೊ ಕಡೆಯ ಹೆಣ್ಣುಮಕ್ಕಳಿಗೆ ಅದೇ ‘ನಾನು’. ‘ವಶಿ’ ಮುದುಕರದು; ಕತೆಯ ಪುಸ್ತಕಗಳಲ್ಲಿ ಬಿಳಿಗಡ್ಡದ ಅಜ್ಜ ಬಾಯಿ ತೆರೆದರೆ ಬರುವುದು ಅದೇ. ‘ಜಿಬುನ್’ ಎಂದರೆ ‘ತಾನು’. ಹಳೆಯ ಸೈನ್ಯದಲ್ಲಿ ಸಿಪಾಯಿಗಳು ತಮ್ಮನ್ನು ಹಾಗೆ ಹೇಳಿಕೊಳ್ಳುತ್ತಿದ್ದರು.

ಶಿಂಕಾಯ್ ಮಕೊತೊ 2016ರಲ್ಲಿ ನಿರ್ದೇಶಿಸಿದ ‘ಕಿಮಿ ನೊ ನ ವ’ ಎಂಬ ಅನಿಮೇಷನ್ ಚಿತ್ರದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ತೋಕ್ಯೋದ ಹುಡುಗನ ಮೈಯೊಳಗೆ ಎಚ್ಚರಗೊಳ್ಳುತ್ತಾಳೆ. ಗೆಳೆಯರೆದುರು ಅವಳು ತನ್ನನ್ನು ‘ವತಶಿ’ ಎಂದುಕೊಂಡಾಗ ಅವರು ಹುಬ್ಬೇರಿಸುತ್ತಾರೆ. ‘ವತಕುಶಿ’ ಎನ್ನುತ್ತಾಳೆ, ಇನ್ನೂ ವಿಚಿತ್ರ. ‘ಬೊಕು’ ಎನ್ನುತ್ತಾಳೆ, ಊಹೂಂ. ಕೊನೆಗೆ ‘ಒರೆ’ ಎಂದಾಗ ಅವರು ಸಮಾಧಾನದಿಂದ ತಲೆಯಾಡಿಸುತ್ತಾರೆ. ಕೆಲವೇ ಕ್ಷಣಗಳ ದೃಶ್ಯ. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಐ’ ಆದ್ದರಿಂದ ಉಪಶೀರ್ಷಿಕೆ ಬರೆಯುವವರಿಗೆ ಇಂಥ ದೃಶ್ಯ ಶಿಕ್ಷೆಯೇ ಸರಿ. ಇಲ್ಲಿ ಗಮನಿಸಬೇಕಾದದ್ದು, ಸರಿಯಾದ ಪದ ಯಾವುದೆಂದು ತೀರ್ಪು ಕೊಟ್ಟವರು ಗೆಳೆಯರು. ‘ನಾನು’ ಯಾರೆಂಬುದು ಎದುರಿನವರ ಮುಖದಲ್ಲಿ ಬರೆದಿತ್ತು.

ಈ ಪದಗಳ ಚರಿತ್ರೆಯೂ ರೋಚಕ. ‘ಬೊಕು’ ಬಹುಕಾಲ ಚೀನೀ ವಿದ್ಯೆ ಕಲಿತವರ ಬರವಣಿಗೆಯ ಪದವಾಗಿತ್ತು. ಎದೊ ಕಾಲದ ಕೊನೆಯಲ್ಲಿ ಚೋಶು ಪ್ರಾಂತದ ಯೋಶಿದ ಶೋಇನ್ ತನ್ನ ಪತ್ರಗಳಲ್ಲಿ ಅದನ್ನು ಮತ್ತೆಮತ್ತೆ ಬಳಸಿದ. ಅದರ ಜೋಡಿಪದ ‘ಕಿಮಿ’; ಅದಕ್ಕೆ ‘ಒಡೆಯ’ ಎಂಬ ಅರ್ಥ. ನಾನು ಸೇವಕ, ನೀನು ಒಡೆಯ. ಇಬ್ಬರೂ ಹೀಗೆಂದುಕೊಂಡರೆ ಇಬ್ಬರೂ ಸಮಾನರಾದರು! ಹುಟ್ಟಿನ ಅಂತಸ್ತು ಎಲ್ಲವನ್ನೂ ನಿರ್ಧರಿಸುತ್ತಿದ್ದ ಸಮಾಜದಲ್ಲಿ ಓದಿದ ತರುಣರಿಗೆ ಈ ಜೋಡಿ ಒಂದು ಬಿಡುಗಡೆಯಾಗಿ ಕಂಡಿರಬೇಕು. ಮೆಯ್‌ಜಿ ಕಾಲದಲ್ಲಿ ಅದು ವಿದ್ಯಾರ್ಥಿಗಳ ಪದವಾಯಿತು. ಅಲ್ಲಿಂದ ಚಿಕ್ಕ ಹುಡುಗರಿಗೆ ಇಳಿಯಿತು. ‘ಒರೆ’ ಎಂಬುದನ್ನು ಒಂದು ಕಾಲದಲ್ಲಿ ಹೆಂಗಸರೂ ಬಳಸುತ್ತಿದ್ದರು. ಉತ್ತರದ ತೋಹೊಕು ಪ್ರದೇಶದ ಹಳ್ಳಿಗಳಲ್ಲಿ ಅಜ್ಜಿಯರು ತಮ್ಮನ್ನು ಹಾಗೆ ಹೇಳಿಕೊಳ್ಳುವುದುಂಟು. ಇಂಥದು ಗಂಡಿನದು, ಇಂಥದು ಹೆಣ್ಣಿನದು ಎಂಬ ಬೇಲಿ ನಾವು ಎಣಿಸುವಷ್ಟು ಹಳೆಯದಲ್ಲ.

ನಮ್ಮಂಥ ಸರ್ಕಾರಿ ನೌಕರರನ್ನು ಹಿಡಿದು ನಿಲ್ಲಿಸುವ ಪದ ‘ವತಕುಶಿ’. ಅದರ ಮೂಲಾರ್ಥ ‘ನಾನು’ ಅಲ್ಲ, ‘ಖಾಸಗಿ’. ಅದಕ್ಕೆ ವಿರುದ್ಧವಾದದ್ದು ‘ಓಯಕೆ’, ಎಂದರೆ ಸಾರ್ವಜನಿಕವಾದದ್ದು, ಸರ್ಕಾರಕ್ಕೆ ಸೇರಿದ್ದು. ಸರ್ಕಾರಿ ನೌಕರನಿಗೆ ಜಪಾನಿಯಲ್ಲಿ ‘ಕೋಮುಇನ್’ ಎಂದು ಹೆಸರು. ಅದರ ಮೊದಲ ಅಕ್ಷರ ಈ ‘ಓಯಕೆ’ಯದೇ. ಹಾಗಾದರೆ ಅಲ್ಲಿಯ ಗುಮಾಸ್ತನೊಬ್ಬ ಮೇಜಿನ ಮುಂದೆ ಕುಳಿತು ‘ವತಕುಶಿ’ ಎಂದಾಗಲೆಲ್ಲ ‘ಖಾಸಗಿ’ ಎಂಬ ಅಕ್ಷರವನ್ನೇ ಉಚ್ಚರಿಸುತ್ತಾನೆ. ನಮ್ಮ ಕಚೇರಿಗಳ ರೀತಿ ಇದಕ್ಕೆ ತದ್ವಿರುದ್ಧ. ಆಫೀಸ್ ಮೆಮೊರಾಂಡಮ್ಮಿನಲ್ಲಿ ‘ನಾನು’ ಎಂಬುದಕ್ಕೆ ಪ್ರವೇಶವಿಲ್ಲ. ಅಲ್ಲಿ ಇರುವಾತ ‘ಅಂಡರ್‌ಸೈನ್ಡ್’, ಹಿಂದಿಯಲ್ಲಿ ‘ಅಧೋಹಸ್ತಾಕ್ಷರಿ’. ಕೆಳಗೆ ಸಹಿ ಮಾಡಿದವನಿಗೆ ಹೀಗೆ ತಿಳಿಸಲು ನಿರ್ದೇಶನವಾಗಿದೆ ಎಂದು, ತನ್ನನ್ನೇ ಮೂರನೆಯವನಾಗಿಸಿ ಬರೆಯಬೇಕು. ಇಪ್ಪತ್ತು ವರ್ಷ ಹಾಗೆ ಬರೆದವರಿಗೆ, ಸಹೋದ್ಯೋಗಿಗೆ ಒಂದು ಡಿ.ಓ. ಪತ್ರ ಬರೆಯುವಾಗ ಮೊದಲ ಸಾಲಿನ ‘ನಾನು’ ತುಸು ಬೆತ್ತಲೆಯಾಗಿ ಕಾಣುತ್ತದೆ.

ಜಪಾನಿನ ಸರ್ಕಾರ ಜನರ ‘ನಾನು’ವಿನ ಮೇಲೂ ಕೈಯಾಡಿಸಿದ್ದುಂಟು. 1952ರಲ್ಲಿ ಅಲ್ಲಿಯ ರಾಷ್ಟ್ರೀಯ ಭಾಷಾ ಮಂಡಳಿ ‘ಇನ್ನು ಮುಂದಿನ ಗೌರವಭಾಷೆ’ ಎಂಬ ಶಿಫಾರಸನ್ನು ಹೊರಡಿಸಿತು. ಯುದ್ಧದಲ್ಲಿ ಸೋತು, ಹೊಸ ಸಂವಿಧಾನ ಪಡೆದು, ಮೇಲುಕೀಳಿನ ಬದಲು ಪರಸ್ಪರ ಗೌರವದ ಮೇಲೆ ಮಾತು ನಿಲ್ಲಬೇಕೆಂದು ದೇಶ ಬಯಸಿದ ಕಾಲ ಅದು. ಗಂಡು ಹೆಣ್ಣು ಎಂಬ ಭೇದವಿಲ್ಲದೆ ‘ವತಶಿ’ಯೇ ಪ್ರಮಾಣರೂಪವಾಗಲಿ, ಔಪಚಾರಿಕ ಸಂದರ್ಭಕ್ಕೆ ‘ವತಕುಶಿ’ ಇರಲಿ ಎಂದು ಮಂಡಳಿ ಹೇಳಿತು. ‘ಬೊಕು’ ಹುಡುಗ ವಿದ್ಯಾರ್ಥಿಗಳ ಪದ. ಓದು ಮುಗಿಸಿ ಸಮಾಜಕ್ಕೆ ಕಾಲಿಟ್ಟ ಮೇಲೆ ‘ವತಶಿ’ಗೆ ಬದಲಾಯಿಸಿಕೊಳ್ಳುವಂತೆ ಶಾಲೆಗಳು ಎಚ್ಚರ ವಹಿಸಬೇಕು. ‘ಜಿಬುನ್’ ಬೇಡ. ಉದ್ದೇಶ ಒಳ್ಳೆಯದೇ. ಆದರೆ ‘ಒರೆ’ ಎಲ್ಲಿಗೂ ಹೋಗಲಿಲ್ಲ. 2010ರಲ್ಲಿ ದೈನಂದಿನ ಬಳಕೆಯ ಅಕ್ಷರಗಳ ಅಧಿಕೃತ ಪಟ್ಟಿಯನ್ನು ಪರಿಷ್ಕರಿಸಿ 196 ಅಕ್ಷರಗಳನ್ನು ಹೊಸದಾಗಿ ಸೇರಿಸಿದಾಗ, ಅವುಗಳ ನಡುವೆ ‘ಒರೆ’ಯ ಅಕ್ಷರವೂ ಮರ್ಯಾದೆಯಿಂದ ಒಳಬಂದಿತು. ಇನ್ನೊಂದು ತಮಾಷೆ: ‘ಖಾಸಗಿ’ ಎಂಬ ಅಕ್ಷರವನ್ನು ‘ವತಶಿ’ ಎಂದು ಓದಲು ಅಧಿಕೃತ ಅನುಮತಿ ದೊರೆತದ್ದೂ ಆ ವರ್ಷವೇ. ಅಲ್ಲಿಯವರೆಗೆ ಪಟ್ಟಿಯಲ್ಲಿ ‘ವತಕುಶಿ’ ಎಂಬ ಓದು ಮಾತ್ರ ಇತ್ತು. ಜನ ಮಾತ್ರ ಪಟ್ಟಿಯನ್ನು ಕಾಯದೆ ‘ವತಶಿ’ ಎಂದೇ ಓದುತ್ತಿದ್ದರು.

ಚಕ್ರವರ್ತಿಯ ‘ನಾನು’ ಕೂಡ ಬದಲಾಯಿತು. ‘ಚಿನ್’ ಎಂಬ ಪದವನ್ನು ಪ್ರಾಚೀನ ಚೀನಾದಲ್ಲಿ ಸಾಮಾನ್ಯರೂ ಬಳಸುತ್ತಿದ್ದರು. ಕ್ರಿ.ಪೂ. 221ರಲ್ಲಿ ದೇಶವನ್ನೆಲ್ಲ ಒಗ್ಗೂಡಿಸಿದ ಛಿನ್ ಚಕ್ರವರ್ತಿ ಅದನ್ನು ತನಗೊಬ್ಬನಿಗೇ ಮೀಸಲಿಟ್ಟುಕೊಂಡ. ಜಪಾನಿನ ದೊರೆಗಳೂ ಅದನ್ನು ಪಡೆದರು. 1945ರ ಆಗಸ್ಟ್ 15ರಂದು ರೇಡಿಯೊದಲ್ಲಿ ಶರಣಾಗತಿಯ ಘೋಷಣೆ ಬಂದಾಗ ಜನ ಮೊಟ್ಟಮೊದಲ ಬಾರಿಗೆ ಚಕ್ರವರ್ತಿಯ ದನಿ ಕೇಳಿದರು. ಆ ದನಿ ಉಚ್ಚರಿಸಿದ ಮೊದಲ ಪದ ‘ಚಿನ್’. ಹೊಸ ಸಂವಿಧಾನ ಬಂದ ಮೇಲೆ ಅವರ ಭಾಷಣಗಳಲ್ಲಿ ಆ ಪದ ನಿಂತು, ಎಲ್ಲರ ‘ವತಕುಶಿ’ ಬಂದಿತು. ಒಬ್ಬ ಮನುಷ್ಯ ದೈವತ್ವದಿಂದ ಇಳಿದು ಬಂದದ್ದನ್ನು ಒಂದು ಸರ್ವನಾಮದಲ್ಲಿ ಅಳೆಯಬಹುದು.

ಈ ಪದಗಳ ಸಾಲಿನಲ್ಲಿ ತಮಗೆ ಒಪ್ಪುವುದು ಸಿಗದೆ ತಡವರಿಸುವವರೂ ಇದ್ದಾರೆ. ‘ಅತಶಿ’ಯ ಹೆಣ್ಣುತನ ಒಗ್ಗದೆ ‘ಬೊಕು’ ಎನ್ನುವ ಹುಡುಗಿಯರಿಗೆ ಶಾಲೆಯಲ್ಲಿ, ಮನೆಯಲ್ಲಿ ತಿದ್ದುವ ಹಿರಿಯರು ಕಡಿಮೆಯಿಲ್ಲ. ಎಲ್ಲ ಸರ್ವನಾಮಗಳಿಂದಲೂ ತಪ್ಪಿಸಿಕೊಂಡು, ವಾಕ್ಯವನ್ನು ಹೇಗೋ ಸುತ್ತಿಬಳಸಿ ಮುಗಿಸುವವರುಂಟು. ನಮಗೆ ‘ನಾನು’ ಎಂಬುದು ಉಸಿರಿನಷ್ಟು ಸುಲಭವಾಗಿ ಬರುತ್ತದೆ; ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ, ಹಿರಿದೂ ಅಲ್ಲ ಕಿರಿದೂ ಅಲ್ಲ. ಬಾಯಿ ತೆರೆದೊಡನೆ ತಾನು ಯಾರೆಂದು ಘೋಷಿಸಬೇಕಾದ ಭಾಷೆಯಲ್ಲಿ ಹುಟ್ಟಿದ್ದರೆ, ಬಾಯಿ ತೆರೆಯುವ ಮೊದಲು ನಮ್ಮಲ್ಲಿ ಎಷ್ಟು ಜನ ಅರೆಗಳಿಗೆ ತಡೆಯುತ್ತಿದ್ದೆವೋ!

ಸಾಹಿತ್ಯಕ್ಕೆ ಮಾತ್ರ ಇದು ಐಶ್ವರ್ಯ. ಸೋಸೆಕಿ ಸ್ವತಃ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ. ‘ಐ’ ಎಂಬುದರ ಏಕಾಕಿತನವನ್ನು ಚೆನ್ನಾಗಿ ಬಲ್ಲವನು. 1905ರಲ್ಲಿ ಪ್ರಕಟವಾಗತೊಡಗಿದ ಅವನ ಮೊದಲ ಕಾದಂಬರಿಯಲ್ಲಿ ಕತೆ ಹೇಳುವುದು ಹೆಸರೂ ಇಲ್ಲದ ಒಂದು ಬೆಕ್ಕು. ಅದು ತನ್ನನ್ನು ‘ವಗಹಾಯ್’ ಎಂದು ಕರೆದುಕೊಳ್ಳುತ್ತದೆ. ಗಣ್ಯರು, ಭಾಷಣಕಾರರು ಎದೆಯುಬ್ಬಿಸಿ ಹೇಳುವ ಪದ ಅದು. ಇಂಗ್ಲಿಷಿನಲ್ಲಿ ‘ಐ ಆ್ಯಮ್ ಎ ಕ್ಯಾಟ್’ ಎಂದಾಗ ಹಾಸ್ಯದ ಅರ್ಧ ಅಲ್ಲಿಯೇ ಸೋರಿಹೋಯಿತು. ಕನ್ನಡದಲ್ಲಿ ‘ನಾನೊಂದು ಬೆಕ್ಕು’ ಎಂದರೂ ಅದೇ ಗತಿ. ಆದರೆ ನಮ್ಮಲ್ಲಿ ದೊರೆಗಳೂ ಮಠಾಧಿಪತಿಗಳೂ ಒಬ್ಬರೇ ಇದ್ದು ‘ನಾವು’ ಎನ್ನುವ ಸಂಪ್ರದಾಯವಿದೆಯಲ್ಲ! ‘ನಾವು ಮಾರ್ಜಾಲರು’ ಎಂದು ನೋಡಿ; ಬೆಕ್ಕು ಮೀಸೆ ತಿರುವಿಕೊಂಡು ಎದುರು ಕುಳಿತಂತಾಗುತ್ತದೆ. ಮರುವರ್ಷವೇ ಬಂದ ‘ಬೊಚ್ಚನ್’ ಕಾದಂಬರಿಯ ಮುಂಗೋಪಿ ಮೇಷ್ಟರು ‘ಒರೆ’ ಎಂದು ಕತೆ ಹೇಳುತ್ತಾನೆ. ಒಬ್ಬನೇ ಲೇಖಕ, ಎರಡು ‘ನಾನು’, ಎರಡು ಲೋಕ.

ಹಾಗಾದರೆ ಈ ಪದಗಳೆಲ್ಲ ಮುಖವಾಡಗಳೋ, ಒಳಗೆ ನಿಜವಾದ ‘ನಾನು’ ಬೇರೆ ಇದೆಯೋ? ಭಾಷಾವಿಜ್ಞಾನಿ ಸುಜುಕಿ ತಕಾಓ 1973ರಲ್ಲಿ ಬರೆದ ‘ಭಾಷೆ ಮತ್ತು ಸಂಸ್ಕೃತಿ’ ಎಂಬ ಪುಸ್ತಕದಲ್ಲಿ ಒಬ್ಬ ಶಾಲಾ ಮೇಷ್ಟರ ದಿನಚರಿಯನ್ನು ಉದಾಹರಿಸುತ್ತಾನೆ. ಆತ ಮಗನೆದುರು ‘ಅಪ್ಪ’, ತಮ್ಮನೆದುರು ‘ಅಣ್ಣ’, ಮಕ್ಕಳಿಗೆ ಪಾಠ ಹೇಳುವಾಗ ‘ಗುರು’, ಪಕ್ಕದ ಮನೆಯ ಮಗುವಿಗೆ ‘ಮಾಮ’, ಹೆಂಡತಿಯೊಡನೆ ‘ಒರೆ’, ಮುಖ್ಯೋಪಾಧ್ಯಾಯರ ಮುಂದೆ ‘ವತಕುಶಿ’, ತನ್ನ ತಂದೆಯ ಮುಂದೆ ‘ಬೊಕು’. ಸರ್ವನಾಮಕ್ಕಿಂತ ಸಂಬಂಧವಾಚಕವೇ ಹೆಚ್ಚು. ಇದರಲ್ಲೊಂದು ಕಟ್ಟಳೆಯನ್ನೂ ಸುಜುಕಿ ಗುರುತಿಸಿದ. ಹಿರಿಯರು ಕಿರಿಯರ ಮುಂದೆ ತಮ್ಮನ್ನು ಸಂಬಂಧದ ಹೆಸರಿನಿಂದ ಕರೆದುಕೊಳ್ಳಬಹುದು. ಕಿರಿಯರು ಹಾಗೆ ಮಾಡುವಂತಿಲ್ಲ. ತಂದೆ ‘ಅಪ್ಪ ಕೊಡಿಸುತ್ತಾನೆ’ ಎನ್ನಬಹುದು. ಮಗ ‘ಮಗ ಉಣ್ಣುತ್ತಾನೆ’ ಎನ್ನಲಾರ. ಕನ್ನಡದ ತಾಯಂದಿರೂ ತುತ್ತು ಹಿಡಿದು ‘ಅಮ್ಮ ಕೊಡ್ತಾಳೆ, ಬಾ’ ಎನ್ನುವವರೇ. ಜಪಾನೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಬೀದಿಯಲ್ಲಿ ಕಂಡ ಅಪರಿಚಿತ ಪೋರನನ್ನು ‘ಬೊಕು’ ಎಂದೇ ಮಾತನಾಡಿಸುತ್ತಾರೆ. ಅವನ ‘ನಾನು’ವನ್ನೇ ಎತ್ತಿಕೊಂಡು, ಅವನ ಎತ್ತರಕ್ಕೆ ಬಗ್ಗಿ, ಅದನ್ನೇ ‘ನೀನು’ ಮಾಡುತ್ತಾರೆ.

‘ನಾನು’ ‘ನೀನು’ಗಳ ನಡುವಿನ ಗೋಡೆ ಅಷ್ಟು ತೆಳುವು. ‘ಜಿಬುನ್’ ಎಂಬ ‘ತಾನು’ ಒಸಾಕಾ ಕಡೆ ‘ನೀನು’ ಆಗಿದೆ. ವ್ಯಾಪಾರಿಗಳು ವಿನಯದಿಂದ ತಮಗೆ ಹೇಳಿಕೊಳ್ಳುತ್ತಿದ್ದ ‘ತೆಮಎ’ ಇಂದು ಜಗಳದಲ್ಲಿ ಎದುರಾಳಿಯ ಮುಖಕ್ಕೆಸೆಯುವ ‘ನೀನು’. ನಮ್ಮ ‘ತಾವು’ ಎಂಬುದೂ ಮೂಲದಲ್ಲಿ ‘ತಾನು’ವಿನ ಬಹುವಚನ, ಅದನ್ನು ಎದುರಿನವರಿಗೆ ಗೌರವವಾಗಿ ಕೊಟ್ಟೆವು. ಹಿಂದಿಯ ‘ಆಪ್’ ಕೂಡ ‘ಆತ್ಮನ್’ನಿಂದ ಇಳಿದು ಬಂದದ್ದು.

ತರಗತಿಯಲ್ಲಿ ಒಮ್ಮೆ ನಮ್ಮ ಜೊತೆಯವರೊಬ್ಬರು ಗುರುಗಳನ್ನು ಕೇಳಿದರು: ‘ಇಷ್ಟರಲ್ಲಿ ನಿಮ್ಮ ನಿಜವಾದ ಪದ ಯಾವುದು?’ ಗುರುಗಳು ಅರವತ್ತು ಸಮೀಪಿಸಿದ ಜಪಾನೀ ಮಹಿಳೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ತಾಯಿಯ ಹತ್ತಿರ ನಾನು ನನ್ನ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ, ಸಣ್ಣ ಹುಡುಗಿಯರು ಹೇಳಿಕೊಳ್ಳುವ ಹಾಗೆ. ದೊಡ್ಡವಳಾದ ಮೇಲೂ ಅವರ ಮುಂದೆ ಮಾತ್ರ ಅದು ಬಿಡಲಿಲ್ಲ. ಅವರು ಹೋದ ಮೇಲೆ ಅದನ್ನು ಹೇಳಲು ಯಾರೂ ಇಲ್ಲ.’ ಇಷ್ಟು ಹೇಳಿ ಹಲಗೆಯ ಕಡೆ ತಿರುಗಿದರು.

ಆ ಸಂಜೆ ಮೆಟ್ರೋದಲ್ಲಿ ಮನೆಗೆ ಬರುವಾಗ ನಮಗೆ ನಮ್ಮ ‘ಆನು’ ನೆನಪಾಯಿತು. ನಮ್ಮದು ಪುತ್ತೂರು ಕಡೆಯ ಹವ್ಯಕರ ಮನೆ. ಹವ್ಯಕ ಕನ್ನಡದಲ್ಲಿ ‘ನಾನು’ ಎಂಬುದಿಲ್ಲ, ‘ಆನು’ ಇದೆ. ಹಳಗನ್ನಡದ ‘ಆನ್’ ಅಡಕೆ ತೋಟಗಳ ನಡುವೆ ಹಾಗೆಯೇ ಉಳಿದು ಬಂದಿದೆ. ಮನೆಯಲ್ಲಿ ‘ಆನು’, ಶಾಲೆಯಲ್ಲಿ ‘ನಾನು’, ಕಾಲೇಜಿನಲ್ಲಿ ‘ಐ’, ದಿಲ್ಲಿಯ ಬೀದಿಯಲ್ಲಿ ‘ಮೈ’, ಬಿಹಾರದ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕುಳಿತರೆ ಅವರದೇ ‘ಹಮ್’, ಕಡತದಲ್ಲಿ ‘ಅಧೋಹಸ್ತಾಕ್ಷರಿ’. ಸುಜುಕಿಯ ಮೇಷ್ಟರಿಗಿಂತ ನಾವೇನೂ ಬಡವರಲ್ಲ. ಹೊರನಾಡಿನ ಕನ್ನಡಿಗರೆಲ್ಲರ ಜೋಳಿಗೆಯಲ್ಲೂ ಇಂಥ ನಾಲ್ಕಾರು ಪದಗಳು ಇದ್ದೇ ಇವೆ. ನಮ್ಮ ಮನೆಯವರು ಧಾರವಾಡದವರಾದ್ದರಿಂದ ಮನೆಯ ಮಾತಿನಲ್ಲಿ ‘ನಾನು’ವೇ ನೆಲೆಯಾಯಿತು, ಮಕ್ಕಳದೂ ಅದೇ. ‘ಆನು’ ಉಳಿದಿದ್ದದ್ದು ಪ್ರತಿ ಭಾನುವಾರ ಊರಿಗೆ ಮಾಡುವ ಫೋನಿನಲ್ಲಿ, ಅಬ್ಬೆಯ ಕಿವಿಯ ಪಕ್ಕದಲ್ಲಿ. ಅಬ್ಬೆ ತೀರಿಕೊಂಡು ಐದು ವರ್ಷವಾಯಿತು. ಈಗ ತಿಂಗಳುಗಟ್ಟಲೆ ನಮ್ಮ ಬಾಯಿಂದ ಆ ಎರಡಕ್ಷರ ಹೊರಡುವುದಿಲ್ಲ. ಒಬ್ಬರೇ ಕುಳಿತು ‘ಆನು’ ಎಂದರೆ ಅದು ಬರಿಯ ಧ್ವನಿ. ಅದಕ್ಕೆ ಆ ಕಡೆಯಿಂದ ‘ಎಂತ ಮಗಾ’ ಎಂಬ ಮಾತು ಬಂದರೆ ಮಾತ್ರ ಅದು ‘ನಾನು’.

ಜಪಾನೀ ಪದಗಳ ಬಗ್ಗೆ ನಮಗೆ ಹೊಳೆದದ್ದು ಇಷ್ಟೇ. ಅವು ಮುಖವಾಡಗಳಲ್ಲ. ಮುಖವಾಡವನ್ನು ಹಾಕಿಕೊಂಡವನೇ ತೆಗೆಯಬಲ್ಲ, ಪೆಟ್ಟಿಗೆಯಲ್ಲಿ ಇಡಬಲ್ಲ. ಈ ಪದಗಳು ಇರುವುದು ಎದುರಿನವರ ವಶದಲ್ಲಿ. ತಂದೆ ಹೋದ ದಿನ ಆ ಮೇಷ್ಟರ ಒಂದು ‘ಬೊಕು’ವೂ ಹೋಗುತ್ತದೆ. ‘ನಾನು’ ಒಂದೇ ಇರುವ ಭಾಷೆಯಲ್ಲಿ ಈ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಹಲವು ಇರುವ ಭಾಷೆಯಲ್ಲಿ ಅದಕ್ಕೊಂದು ಹೆಸರಾದರೂ ಇದೆ.

ಕೊನೆಗೆ ‘ನಾವು’ ಎಂಬುದರ ಬಗ್ಗೆ ಒಂದು ಮಾತು. ಚೆನ್ನೈಯ ಓದುಗರು ‘ನಾಮ್’ ಮತ್ತು ‘ನಾಂಗಳ್’ ಎಂಬ ಭೇದವನ್ನು ಬಲ್ಲರು, ಹೈದರಾಬಾದಿನವರು ‘ಮನಮು’, ‘ಮೇಮು’ಗಳನ್ನು, ಮುಂಬಯಿ ಪುಣೆಯವರು ‘ಆಪಣ’, ‘ಆಮ್ಹೀ’ಗಳನ್ನು. ಒಂದು ಕೇಳುವವರನ್ನು ಸೇರಿಸಿಕೊಂಡದ್ದು, ಇನ್ನೊಂದು ಅವರನ್ನು ಹೊರಗಿಟ್ಟದ್ದು. ಜಪಾನಿನ ‘ವತಕುಶಿದೊಮೊ’ ಕೂಡ ಗಿರಾಕಿಯ ಮುಂದೆ ತಲೆಬಾಗಿದ ಅಂಗಡಿಯವರ ‘ನಾವು’. ಗಿರಾಕಿಗೆ ಅದರೊಳಗೆ ಜಾಗವಿಲ್ಲ. ಶಿಷ್ಟ ಕನ್ನಡ ಈ ಭೇದವನ್ನು ಬಿಟ್ಟುಕೊಟ್ಟಿದೆ. ಅಬ್ಬೆಯ ಮಾತು ಬಿಟ್ಟಿಲ್ಲ: ಕೇಳುವವರು ಹೊರಗಿದ್ದರೆ ‘ಎಂಗೊ’, ಅವರೂ ಸೇರಿದ್ದರೆ ‘ನಾವು’. ನೆಂಟರು ಬಂದು ಹೋದ ಮೇಲೆ, ತೋಟಕ್ಕೆ ಹೊರಡುವಾಗ, ಬಾಗಿಲಲ್ಲಿ ನಿಂತು ‘ನಾವು ಹೋಪ’ ಎಂದು ಕರೆದರೆ ಅದರಲ್ಲಿ ನಾವೂ ಇರುತ್ತಿದ್ದೆವು. ಈ ಬರಹದ ಉದ್ದಕ್ಕೂ ಬಳಸಿದ ‘ನಾವು’ ಹವ್ಯಕರ ‘ನಾವು’ ಎಂದು ಓದುಗರು ತಿಳಿಯಬೇಕು.